ಎಲ್ಲರದೂ ಒಂದೇ ಸ್ವಂತ ಪ್ರಶ್ನೆ

ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ ನನಗೆ ಎಂದೂ ಒಗ್ಗಿದ್ದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಇಡೀ ಪೀರಿಯಡ್ಡು ಬೆಂಚುಗಳ ನಡುವೆ ಓಡಾಡುತ್ತಿದ್ದೆ. ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲಿ ಊಟವನ್ನೂ ನಿಂತುಕೊಂಡೇ ಮುಗಿಸುತ್ತೇನೆಂದು ನನ್ನ ಯಜಮಾನರು ಬಂದವರೆದುರು ಆಡಿಕೊಳ್ಳುತ್ತಾರೆ. ಅಂಥವಳನ್ನು ಬೀದರಿನ ಶಿಕ್ಷಣ ಇಲಾಖೆಯ ಕಚೇರಿಗೆ ನಿಯೋಜನೆಯ ಮೇಲೆ ಹಾಕಿ, ಮೇಜು, ಕಂಪ್ಯೂಟರು ಕೊಟ್ಟು, ಜಿಲ್ಲೆಯ ಮಕ್ಕಳು ತಮ್ಮ ಕಲಿಕೆಯನ್ನು ತಾವೇ ನಡೆಸುವಂತೆ ಮಾಡಿ ಎಂದರು.

ಯೋಜನೆ ಚೆನ್ನಾಗಿಯೇ ಇತ್ತು. ಆರು, ಏಳನೆಯ ತರಗತಿಯ ಪ್ರತಿ ಮಗುವೂ ತನ್ನದೇ ಒಂದು ಪ್ರಶ್ನೆಯನ್ನು ಹುಡುಕಿಕೊಳ್ಳಬೇಕು. ಅದು ಪಾಠದ ಒಳಗಿನದಾದರೂ ಸರಿ, ಹೊರಗಿನದಾದರೂ ಸರಿ. ಮೂರು ತಿಂಗಳು ಅದರ ಬೆನ್ನು ಹತ್ತಬೇಕು. ಕಂಡದ್ದು, ಕೇಳಿದ್ದು, ಎಣಿಸಿದ್ದನ್ನೆಲ್ಲ ಶಾಲೆಯ ಟ್ಯಾಬಿನಲ್ಲಿ ತಾನೇ ತುಂಬಬೇಕು. ಶಿಕ್ಷಕರು ಉತ್ತರ ಹೇಳಿಕೊಡಬಾರದು. ಈ ಕೊನೆಯ ನಿಯಮ ಬರೆದವಳು ನಾನು. ಅದನ್ನು ಪಾಲಿಸಲು ಎಲ್ಲರಿಗಿಂತ ಹೆಚ್ಚು ಒದ್ದಾಡುವವಳೂ ನಾನೇ. ಯಾರಾದರೂ ಏನಾದರೂ ಕೇಳಿದರೆ ಮಾತು ಮುಗಿಯುವ ಮೊದಲೇ ಉತ್ತರ ನನ್ನ ಬಾಯಿಂದ ಹೊರಗೆ ಬಿದ್ದಿರುತ್ತದೆ.

ಬೀದರಿನಲ್ಲಿ ಎಲ್ಲ ತಾಲೂಕುಗಳ ಶಿಕ್ಷಕರಿಗೆ ತರಬೇತಿ ಇಟ್ಟಿದ್ದೆವು. ನಾನು ಒಂದು ಗಂಟೆ ಮಾತಾಡಿ ನೀರು ಕುಡಿಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು.

"ಎಲ್ಲಾ ತಿಳೀತ್ರಿ ಮೇಡಂ. ಆದ್ರ ಸ್ವಂತ ಪ್ರಶ್ನಿ ಅಂದ್ರ ಹ್ಯಾಂಗಿರಬೇಕು? ಒಂದ್ ನಮೂನಿ ಕೊಟ್ರ ಛಲೋ ಆಗ್ತದರಿ."

ನಮೂನೆ ತಾನೇ ಎಂದುಕೊಂಡು ಬೋರ್ಡಿನ ಮೇಲೆ ಬರೆದೆ: ಕಾದ ರೊಟ್ಟಿ ಹಂಚಿನ ಮೇಲೆ ಬಿದ್ದ ನೀರಿನ ಹನಿ ಯಾಕೆ ಕುಣಿಯುತ್ತದೆ? ಅದು ನಿಜಕ್ಕೂ ನನ್ನ ಪ್ರಶ್ನೆಯೇ. ಹಂಚು ಕಾದಿದೆಯೋ ಇಲ್ಲವೋ ನೋಡಲು ಅವ್ವ ಬೆರಳು ಅದ್ದಿ ನಾಲ್ಕು ಹನಿ ಚಿಮುಕಿಸುತ್ತಿದ್ದಳು. ಅವು ಆರಿಹೋಗದೆ ಗುಂಡಗಾಗಿ ಅತ್ತಿಂದಿತ್ತ ಓಡುತ್ತಿದ್ದವು. ಬಗ್ಗಿ ನೋಡಲು ಹೋದರೆ "ಸುಟ್ಕೊಂತಿ, ಆಕಡೆ ಸರಿ" ಎಂದು ಮೊಣಕೈಯಿಂದ ನೂಕುತ್ತಿದ್ದಳು. ಈ ಕಥೆ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ಹಿಗ್ಗಿ, ಪ್ರಶ್ನೆ, ಅವಲೋಕನ, ತೀರ್ಮಾನ ಎಂದು ಪೂರ್ತಿ ತುಂಬಿದ ಒಂದು ಹಾಳೆ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿಸಿದೆ.

ಫೆಬ್ರುವರಿಯ ಒಂದು ಬುಧವಾರ ಭಾಲ್ಕಿಯ ಶಾಲೆಯೊಂದಕ್ಕೆ ಹೊರಟೆ. ಗಾಂಧಿ ಗಂಜ್ ಮಾರುಕಟ್ಟೆಯ ಮುಂದೆ ತೊಗರಿ ಲಾರಿಗಳು ಅಡ್ಡ ನಿಂತು ಆಟೋ ಕದಲಲಿಲ್ಲ. ಕಾಯಲಾರದೆ ಇಳಿದು ನಡೆದೇ ಬಸ್‌ಸ್ಟ್ಯಾಂಡ್ ಸೇರಿದೆ. ಹಾಗಾಗಿ ಶಾಲೆ ಮುಟ್ಟುವ ಹೊತ್ತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಏಳನೆಯ ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು. ಟ್ಯಾಬಿನಲ್ಲಿ ಮೊದಲ ಮಗುವಿನ ಪುಟ ತೆರೆದರೆ ಹಂಚು, ಹನಿ. ಒಂದು ಕ್ಷಣ ಖುಷಿಯಾಯಿತು. ಎರಡನೆಯದರಲ್ಲೂ ಹಂಚು, ಮೂರನೆಯದರಲ್ಲೂ ಹಂಚು. ಹತ್ತನೆಯದಕ್ಕೆ ನಿಲ್ಲಿಸಿದೆ.

"ಏನ್ರಿ ಟೀಚರ್ ಇದು? ಮೂವತ್ನಾಕ್ ಮಂದಿಗಿ ಒಂದೇ ಸ್ವಂತ ಪ್ರಶ್ನಿ? ಎಲ್ಲಾರೂ ಕೂಡಿ ಒಂದೇ ಕನಸ್ ಕಂಡ್ರೇನು?" ಎಂದೆ, ಮಕ್ಕಳ ಎದುರಿಗೇ.

ಆಕೆ ನನ್ನ ವಯಸ್ಸಿನವರೇ. ಮನೆಮಾತು ಮರಾಠಿ, ಕನ್ನಡವನ್ನು ತೂಗಿ ತೂಗಿ ಆಡುವವರು. ಮೇಜಿನ ಖಾನೆ ಎಳೆದು ನನ್ನ ಹಾಳೆಯನ್ನು ಹೊರಗೆ ತೆಗೆದರು. ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದರು.

"ನೀವೇ ಕೊಟ್ಟಿದ್ದು ಅದರಿ ಮೇಡಂ. ನಮೂನಿ ಅಂದ್ರ ಹಂಗೇ ಇರಬೇಕಂತ ತಿಳ್ಕೊಂಡೀವಿ. ಬ್ಯಾರೆ ಬರ್ದು ತಪ್ಪಾದ್ರ ಯಾರ್ ಜವಾಬ್ ಕೊಡ್ಬೇಕ್ರಿ?"

ಇಪ್ಪತ್ತು ವರ್ಷದಿಂದ ನಾನೂ ಹಾಗೆಯೇ ಮಾಡಿದ್ದೆ. ಮೇಲಿನಿಂದ ನಮೂನೆ ಬಂದರೆ ಅದೇ ಆದೇಶ. ಅಕ್ಷರ ಅಕ್ಷರ ಅದರಂತೆ ತುಂಬಿ ಕಳಿಸಿದವರನ್ನು ಯಾರೂ ಏನೂ ಕೇಳುವುದಿಲ್ಲ. ಅದೆಲ್ಲ ಗೊತ್ತಿದ್ದೂ ಪೂರ್ತಿ ತುಂಬಿದ ಹಾಳೆ ಹಂಚಿದವಳು ನಾನು. ನಾಚಿಕೆ ಮುಚ್ಚಿಕೊಳ್ಳಲು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ: "ಹನಿ ಕುಣಿಯೋದು ನೋಡಿಯೇನವಾ?"

"ನೋಡೀನ್ರಿ ಮೇಡಂ."

"ಎಲ್ಲಿ?"

"ಬೋರ್ಡಿನ ಮ್ಯಾಲ್ರಿ."

ಮರುದಿನ ಕಚೇರಿಯಲ್ಲಿ ಕುಳಿತು, ಎದ್ದು, ಮತ್ತೆ ಕುಳಿತು ಇಡೀ ಜಿಲ್ಲೆಯ ಪುಟಗಳನ್ನು ತಿರುವಿದೆ. ತಾಲೂಕು ಬದಲಾದರೂ ಹಂಚು ಬದಲಾಗಲಿಲ್ಲ. ನನ್ನ ಅವ್ವನ ಹಂಚು ಇಷ್ಟು ಮನೆಗಳಲ್ಲಿ ಕಾದಿತ್ತು. ಮಧ್ಯಾಹ್ನದ ಹೊತ್ತಿಗೆ ಔರಾದ ತಾಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ, ಏಳನೆಯ ತರಗತಿಯ ಹುಡುಗಿಯೊಬ್ಬಳ ಹೆಸರಿನ ಮುಂದೆ "ತಿದ್ದಲಾಗಿದೆ" ಎಂಬ ಗುರುತು ಕಂಡಿತು. ತಿದ್ದುವ ಮುಂಚೆ ಇದ್ದದ್ದನ್ನೂ ಕಂಪ್ಯೂಟರು ಇಟ್ಟುಕೊಂಡಿರುತ್ತದೆ. ಒತ್ತಿ ನೋಡಿದೆ. "ಬಿಸಿಲಾಗ ಕುರಿ ಒಂದರ ಹೊಟ್ಟಿ ಕೆಳಗ ಒಂದು ತಲಿ ಯಾಕ ಇಡ್ತಾವ? ಆಡು ಯಾಕ ಇಡಂಗಿಲ್ಲ?" ಎಂದಿತ್ತು. ಎರಡು ವಾರದ ಹಿಂದೆ ಅದನ್ನು ಅಳಿಸಿ ಹಂಚಿನ ಪ್ರಶ್ನೆ ತುಂಬಿದ್ದರು.

ಆ ದಿನ ಮತ್ತೆ ಕುಳಿತುಕೊಳ್ಳಲು ನನ್ನಿಂದಾಗಲಿಲ್ಲ. ಶನಿವಾರ ಸಂಜೆ ಐದಕ್ಕೆ ಈ ಪುಟಗಳೆಲ್ಲ ಇರುವ ಪೋರ್ಟಲ್ ಮುಚ್ಚುತ್ತದೆ. ಆಮೇಲೆ ಯಾರದನ್ನೂ ತಿದ್ದಲು ತೆರೆಯುವುದಕ್ಕೆ ಬರುವುದಿಲ್ಲ, ಅಷ್ಟರೊಳಗೆ ತೆರೆದಿಟ್ಟದ್ದು ಮಾತ್ರ ತೆರೆದಿರುತ್ತದೆ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಜನವಾಡದಲ್ಲಿ ಹತ್ತಿದ ಒಬ್ಬಾಕೆ, "ಬಾಯಾರ, ಜರಾ ಸುಮ್ನ ಕೂಡ್ರಿ, ನಿಮ್ಮ ಕಾಲು ನಂಗ ಬಡೀಲತ್ತದ" ಎಂದಳು. ಔರಾದದಿಂದ ಮುಂದಕ್ಕೆ ಟಂಟಂ ಆಟೋ ಹಿಡಿದೆ.

ಆ ಶಾಲೆಯ ಮಾಸ್ತರರು ನನ್ನ ತಮ್ಮನಷ್ಟು ವಯಸ್ಸಿನವರು. ನನ್ನನ್ನು ಕಂಡೊಡನೆ ಚಹಾಕ್ಕೆ ಹೇಳಿ, ತಾವೇ ವಿಷಯ ತೆಗೆದರು. "ಒಬ್ಬಾಕಿಂದು ಬ್ಯಾರೆ ಆಗಿತ್ತರಿ. ನಾನೇ ಸುಧಾರಿಸಿ ಎಲ್ಲಾರ ಜೋಡಿ ಮಾಡೀನಿ."

"ಹುಡುಗಿ ಎಲ್ಲಿ?"

ಅವರು ನೆಲ ನೋಡಿದರು. "ಅವತ್ತಿಂದ ಸಾಲಿಗಿ ಬರವಲ್ಲಳ್ರಿ. ಕುರಿ ಹಿಂದ ಹೋಗ್ತಾಳಂತ. ಏಳನೇದು ಮುಗಿಸಿದ್ರ ಎಂಟನೇದಕ್ಕ ಔರಾದಕ್ಕ ಕಳಸ್ತೀವಿ ಅಂದಿದ್ರು ಅವರ ಮನ್ಯಾಗ. ಈಗ ಪರೀಕ್ಷಿನೇ ಬರೀತಾಳೋ ಇಲ್ಲೋ."

ಅವರ ಬೈಕಿನ ಹಿಂದೆ ಕುಳಿತು ಹೊಲಗಳ ಕಡೆ ಹೋದೆ. ತೊಗರಿ ಕೊಯ್ದ ಹೊಲದಲ್ಲಿ ಕುರಿಗಳು ನಿಂತಿದ್ದವು. ಹೊತ್ತು ನೆತ್ತಿಗೆ ಬಂದಿತ್ತು. ಪ್ರಶ್ನೆಯಲ್ಲಿ ಬರೆದಂತೆಯೇ ಎಲ್ಲ ಕುರಿಗಳೂ ಒತ್ತೊತ್ತಾಗಿ ನಿಂತು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿದ್ದವು. ಹೊರಗೆ ಬೆನ್ನುಗಳಷ್ಟೇ ಕಾಣುತ್ತಿದ್ದವು. ನಾಲ್ಕು ಆಡು ಮಾತ್ರ ದೂರ ನಿಂತು ಜಾಲಿ ಗಿಡಕ್ಕೆ ಬಾಯಿ ಹಾಕುತ್ತಿದ್ದವು. ಗಿಡದ ನೆರಳಿನಲ್ಲಿ ಅಜ್ಜಿ, ಪಕ್ಕದಲ್ಲಿ ಮೊಮ್ಮಗಳು. ಮಾಸ್ತರರನ್ನು ಕಂಡು ಹುಡುಗಿ ಎದ್ದು ನಿಂತಳು, ಆದರೆ ಹತ್ತಿರ ಬರಲಿಲ್ಲ. ಅವಳ ಪ್ರಶ್ನೆಯ ಸಲುವಾಗಿ ಬೀದರಿನ ಕಚೇರಿಯಿಂದ ಬಂದಿದ್ದೇನೆ ಎಂದೆ.

"ನೋಡ್ರಿ ಬಾಯಾರ," ಎಂದಳು ಅಜ್ಜಿ. "ನಾ ಹುಟ್ಟಿದಾಗಿಂದ ಕುರಿ ಹಿಂಗೇ ನಿಂದರ್ತಾವ. ಯಾಕಂತ ಕೇಳ್ದಾಕಿ ಇಕಿ ಒಬ್ಬಾಕಿ. ಈಗ ಸಾಲಿಗಿ ಹೋಗಂದ್ರ ಹೋಗವಲ್ಲಳು."

ಹುಡುಗಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನೀವೇ ಏನ್ರಿ ಆ ಹಂಚಿನ ಪ್ರಶ್ನಿ ಬರ್ದೋರು?"

"ಹೌದವಾ, ನಾನೇ."

"ಛಲೋ ಅದರಿ. ಆದ್ರ ನಂದಲ್ಲ."

ಅವಳ ಬಳಿ ಒಂದು ನೋಟ್‌ಬುಕ್ ಇತ್ತು. ಕೇಳಿದ ಮೇಲೆ ಕೊಟ್ಟಳು. ಪ್ರತಿ ದಿನಕ್ಕೂ ಒಂದು ಗೆರೆ: ಬಿಸಿಲೋ ಮೋಡವೋ, ಗಾಳಿ ಇತ್ತೋ ಇಲ್ಲವೋ, ಎಷ್ಟು ತಲೆ ಒಳಗೆ, ಎಷ್ಟು ಹೊರಗೆ. ಆಡುಗಳದು ಬೇರೆ ಪುಟ. ಶಾಲೆ ಬಿಟ್ಟ ಎರಡು ವಾರದಲ್ಲೂ ಒಂದು ದಿನ ತಪ್ಪಿರಲಿಲ್ಲ. ಉತ್ತರದ ಒಂದೆರಡು ಎಳೆ ನನಗೆ ಗೊತ್ತಿತ್ತು. ಬಾಯಿ ತೆರೆದೂ ಬಿಟ್ಟಿದ್ದೆ. ಆದರೆ ಆ ಗೆರೆಗಳನ್ನು ನೋಡಿ ಮುಚ್ಚಿದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ನೆನಪಿಲ್ಲ.

"ನಿಮ್ಮ ಪ್ರಶ್ನಿಗಿ ಜವಾಬ್ ಸಿಕ್ತೇನ್ರಿ?" ಎಂದು ಅವಳೇ ಕೇಳಿದಳು.

"ಹಂ. ಕಾಲೇಜಿನಾಗ ಪುಸ್ತಕದಾಗ ಓದೇನಿ."

"ಹಂಚಿನ ಮ್ಯಾಲ ನೋಡಿಲ್ಲೇನ್ರಿ?"

ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ. ಚಿಕ್ಕಂದಿನಲ್ಲಿ ಅವ್ವ ನೂಕಿದಳು, ಆಮೇಲೆ ಪರೀಕ್ಷೆಗಳು ಬಂದವು, ಆಮೇಲೆ ನೌಕರಿ. ಈಗ ರೊಟ್ಟಿಯನ್ನು ಅಂಗಡಿಯಿಂದ ತರುತ್ತೇವೆ. ಇದನ್ನೆಲ್ಲ ಅವಳಿಗೆ ಹೇಳಲು ನಾಚಿಕೆಯಾಗಿ, ನಿನ್ನ ಪ್ರಶ್ನೆ ವಾಪಸು ಬಂದರೆ ಶಾಲೆಗೆ ಬರುತ್ತೀಯಾ ಎಂದು ಕೇಳಿದೆ.

"ಬಂದ್ರ ಬರ್ತೇನ್ರಿ," ಎಂದು ಹೇಳಿ ಕುರಿಗಳ ಕಡೆ ತಿರುಗಿದಳು. ಎಣಿಸುವ ಹೊತ್ತು ಮೀರುತ್ತಿತ್ತು.

ಶನಿವಾರ ನಮ್ಮ ಅಧಿಕಾರಿಗಳ ಎದುರು ನಿಂತು, ಹುಡುಗಿಯ ಪುಟವನ್ನು ಮತ್ತೆ ತೆರೆಯಲು ಅನುಮತಿ ಕೇಳಿದೆ. ಅವರು ಒಳ್ಳೆಯವರು, ದನಿ ಎತ್ತಿದ್ದನ್ನು ನಾನು ಕೇಳಿಲ್ಲ. "ಒಬ್ಬಾಕಿಂದು ತೆಗಿಬೇಕೇನ್ರಿ? ಕಾರಣದ ಖಾನ್ಯಾಗ ತಾಂತ್ರಿಕ ದೋಷ ಅಂತ ಹಾಕಿ ತೆಗೀರಿ, ಮುಗೀತು. ಉಳಿದಿದ್ದಕ್ಕ ಕೈ ಹಚ್ಚಬ್ಯಾಡ್ರಿ. ಎಲ್ಲಾ ಮಕ್ಕಳು ಸ್ವಂತ ಪ್ರಶ್ನಿ ತಗೊಂಡಾರಂತ ಮ್ಯಾಲ ವರದಿ ಹೋಗ್ಯಾದ."

ನನ್ನ ಮೇಜಿಗೆ ಬಂದು ಅವಳ ಪುಟ ತೆರೆದೆ. ಕಾರಣಗಳ ಪಟ್ಟಿ ಇತ್ತು: ವಿದ್ಯಾರ್ಥಿಯ ತಪ್ಪು, ಶಿಕ್ಷಕರ ತಪ್ಪು, ತಾಂತ್ರಿಕ ದೋಷ, ಇತರೆ. ತಾಂತ್ರಿಕ ದೋಷ ಒತ್ತಿದೆ. ಸುರಕ್ಷಿತವಾದ ಮಾತು. ಟ್ಯಾಬು ಎದ್ದು ಬಂದು ನಾನು ಮಾಡಿಲ್ಲ ಎನ್ನುವುದಿಲ್ಲ. ಹುಡುಗಿಯ ಪ್ರಶ್ನೆ ತಿರುಗಿ ಬಂತು. ಗಂಟೆ ನಾಲ್ಕೂ ಆಗಿರಲಿಲ್ಲ, ಮನೆಗೆ ಹೋಗಬಹುದಿತ್ತು. ಚೀಲ ಹೆಗಲಿಗೆ ಹಾಕಿ ಬಾಗಿಲವರೆಗೆ ಹೋದೆ, ತಿರುಗಿ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಬೋರ್ಡಿನ ಮೇಲೆ ಹನಿ ನೋಡಿದ ಆ ಭಾಲ್ಕಿಯ ಹುಡುಗಿ ತಲೆಯಿಂದ ಇಳಿಯಲೇ ಇಲ್ಲ. ಅವಳ ಮನೆಯಲ್ಲೂ ಏನೋ ಒಂದು ಇದ್ದೇ ಇರುತ್ತದೆ, ಅವಳು ದಿನಾ ನೋಡಿ ಯಾಕೆ ಎಂದುಕೊಳ್ಳುವಂಥದ್ದು. ಅದನ್ನು ಯಾರೂ ಕೇಳಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಇಡೀ ಜಿಲ್ಲೆಯ ಪುಟಗಳನ್ನು ಮಕ್ಕಳು ಮತ್ತೆ ಬರೆಯುವಂತೆ ತೆರೆದುಬಿಟ್ಟೆ. ಹುಡುಗಿಯದಕ್ಕೆ ಹಾಕಿದ್ದ ಕಾರಣವನ್ನೂ ಅಳಿಸಿದೆ. ಇತರೆ ಎಂಬಲ್ಲಿ ಬರೆದೆ: "ಮಕ್ಕಳು ತಾವೇ ತುಂಬಬೇಕಾದ ಹಾಳೆಯನ್ನು ನಾನು ಮೊದಲೇ ತುಂಬಿ ಕೊಟ್ಟೆ." ಧೈರ್ಯವೇನೂ ಅಲ್ಲ, ಹೆದರಿಕೆಯೇ ಹೆಚ್ಚಿತ್ತು.

ಪರೀಕ್ಷೆಯ ಹೊತ್ತಿನಲ್ಲಿ ಮತ್ತೆ ಕೆಲಸ ಹಚ್ಚಿದಳೆಂದು ನನಗೆ ಹಿಡಿಶಾಪ ಹಾಕದ ಶಿಕ್ಷಕರಿರಲಿಲ್ಲ. ಒಂದೆರಡು ಶಾಲೆಯವರು ನೀರಿನ ಹನಿ ತೆಗೆದು ಎಣ್ಣೆಯ ಹನಿ ಎಂದು ಬರೆದು ಕಳಿಸಿದರು. ಅಧಿಕಾರಿಗಳು ನನ್ನೊಡನೆ ಮಾತು ಕಡಿಮೆ ಮಾಡಿದರು. ಜೂನ್‌ನಲ್ಲಿ ನನ್ನ ನಿಯೋಜನೆ ರದ್ದಾಗಿ ಹೈಸ್ಕೂಲಿಗೆ ಮರಳಿದೆ. ಇದಕ್ಕೇ ಹಾಗಾಯಿತೋ ಬೇರೆ ಏನಿತ್ತೋ, ಕೇಳಲು ಹೋಗಲಿಲ್ಲ.

ಆದರೆ ಆ ಶನಿವಾರ ಕಳೆದು ಬಂದ ಸೋಮವಾರ ಸಂಜೆ, ನಾನು ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಔರಾದ ಕಡೆಯ ಮಾಸ್ತರರ ಫೋನು ಬಂತು. ಹುಡುಗಿ ಶಾಲೆಗೆ ಬಂದಿದ್ದಳು. ನೋಟ್‌ಬುಕ್ಕಿನದನ್ನೆಲ್ಲ ಟ್ಯಾಬಿಗೆ ಹಾಕಲು ಮಧ್ಯಾಹ್ನದವರೆಗೂ ಕುಳಿತಿದ್ದಳು.

"ಮೇಡಂ, ಆ ಕುರಿದು ಜವಾಬ್ ಏನ್ರಿ? ನನಗರೇ ಹೇಳ್ರಲ್ಲ," ಎಂದರು.

"ಆಕಿನ್ನೇ ಕೇಳ್ರಿ ಸರ್."

"ಇನ್ನೂ ನೋಡ್ಲತ್ತೇನಿ ಅಂತಾಳ್ರಿ. ನಿಮಗ ಒಂದ್ ಮಾತ್ ಕೇಳಂದಾಳ. ಮೇಡಂ ಹಂಚು ನೋಡ್ಯಾರೇನು ಅಂತ."

"ಇಲ್ಲಂತ ಹೇಳ್ರಿ," ಎಂದೆ. "ಇವತ್ತು ನೋಡ್ತೇನಿ ಅಂತ ಹೇಳ್ರಿ."

ಅವ್ವನ ಹಂಚು ಅಟ್ಟದ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟಿತ್ತು. ಇಳಿಸಿ, ತೊಳೆದು, ಗ್ಯಾಸಿನ ಮೇಲಿಟ್ಟೆ. ಮೊದಲ ಹನಿ ಚುಂಯ್ ಎಂದು ಆರಿಹೋಯಿತು. ಎರಡನೆಯದೂ ಆರಿತು. ಕಾಯಬೇಕಿತ್ತು, ಕಾದೆ. ಯಜಮಾನರು ಬಂದು ರೊಟ್ಟಿ ಮಾಡುತ್ತೀಯಾ ಎಂದರು. ಇಲ್ಲ ಎಂದೆ. ಐದನೆಯ ಹನಿ ಬಿದ್ದದ್ದೇ ಗುಂಡಗಾಗಿ ಓಡತೊಡಗಿತು. ಬಗ್ಗಿ ನೋಡಿದೆ, ನೂಕುವವರು ಯಾರೂ ಇರಲಿಲ್ಲ. ಅದು ನಾನು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಓಡಿತು. ಮತ್ತೊಂದು ಹಾಕಿದೆ, ಒಂದು, ಎರಡು ಎಂದು ಎಣಿಸಿದೆ. ಮೂರನೆಯ ಸಲ ಎಣಿಸುವಾಗ ಬರೆದಿಟ್ಟುಕೊಳ್ಳಬೇಕೆನಿಸಿ, ಒಂದು ಖಾಲಿ ಹಾಳೆ ಕೊಡಿ ಎಂದು ಯಜಮಾನರನ್ನು ಕೇಳಿದೆ.