ಅಕ್ಕಲಕೋಟೆಯ ದಾರಿಗೆಂದು ಕಾಕಾ ಆರಿಸಿದ ಸೈಕಲ್

ಹೊಸ ಟೈರಿನ ವಾಸನೆಗೆ ಇಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಹಳೆಯ ಸೈಕಲ್ಲಿಗೆ ಇನ್ನು ಬೆಸುಗೆ ಹಾಕಿಸುವುದು ದಂಡ ಎಂದು ಮೆಕ್ಯಾನಿಕ್ ಕೈಚೆಲ್ಲಿದ ಮೇಲೆ, ಹೋದ ವಾರ ಸೊಲ್ಲಾಪುರದ ವಿಜಾಪುರ ರಸ್ತೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಗಾಜಿನ ಬಾಗಿಲು ತೆರೆದದ್ದೇ ತಡ, ಆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವರು ಮರಾಠಿಯಲ್ಲಿ, ಯಾವ ರಸ್ತೆಯಲ್ಲಿ ಓಡಿಸುತ್ತೀರಿ ಮೇಡಂ, ಡಾಂಬರೋ ಮಣ್ಣೋ ಎಂದು ಕೇಳಿದರು. ಎರಡೂ ಎಂದು ಹೇಳಬೇಕಾದವಳು, ಇನ್ನೊಮ್ಮೆ ಬರುತ್ತೇನೆ ಎಂದು ಹೊರಬಿದ್ದೆ. ಆ ಪ್ರಶ್ನೆಗೆ ಹಿಂದೊಮ್ಮೆ ನನ್ನ ಪಕ್ಕದಲ್ಲಿ ನಿಂತು ಉತ್ತರ ಕೊಟ್ಟವರು ನಮ್ಮ ಕೆಳಗಿನ ಮನೆಯ ಕಾಕಾ.

ಕಾಕಾ ಅಂದರೆ ರಕ್ತಸಂಬಂಧವೇನಲ್ಲ. ನಮ್ಮ ಕಟ್ಟಡದಲ್ಲಿ ಕೆಳಗೆ ಅವರು, ಮೇಲೆ ನಾವು. ಅಕ್ಕಲಕೋಟೆ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಸೊಲ್ಲಾಪುರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ತಿಂಗಳಿಗೊಂದು ಗುರುವಾರ ನಸುಕಿನಲ್ಲಿ ಎದ್ದು, ಬಿಳಿ ಪಾಯಜಾಮ, ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ನಡೆದೇ ಹೋಗುತ್ತಿದ್ದರು. ಹಾಗೆ ನಡೆಯುವವರದೊಂದು ಗುಂಪೇ ಇತ್ತು. ನಡುದಾರಿಯಲ್ಲಿ ಯಾರಾದರೂ ಗಾಡಿ ನಿಲ್ಲಿಸಿ ಕರೆದರೂ ಹತ್ತಬಾರದು ಎಂಬುದು ಅವರ ನೇಮ. ಬರುವಾಗ ಮಾತ್ರ ಬಸ್ಸಿಗೆ ಅಡ್ಡಿಯಿರಲಿಲ್ಲ.

ಆಮೇಲೆ ಮೊಣಕಾಲು ಕೈಕೊಟ್ಟಿತು. ದೂರ ನಡೆಯುವುದು ಬಂದ್, ಬೇಕಿದ್ದರೆ ಸೈಕಲ್ ಹೊಡೆಯಿರಿ ಎಂದರು ಡಾಕ್ಟರು. ಎರಡು ಗುರುವಾರ ತಪ್ಪಿದವು. ಕಾಕಾ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಮೊದಲಿನಿಂದ ಹೇಳುತ್ತಿದ್ದುದನ್ನೇ ಬಿಡದೆ ಹೇಳುತ್ತಿದ್ದರು.

“ಬಸ್ಸಿಗೆ ಹೋಗಿ ಬರ್ರಿ ಅಂದ್ರ ನಿಮಗ ಏನ್ ಆಗತೈತ್ರಿ? ದೇವರೇನು ಬ್ಯಾಡ ಅಂತಾನ?”

“ಬಸ್ಸಿನ್ಯಾಗ ಹೋದ್ರ ಬಸ್ಸು ಹೋದಂಗ. ನಾ ಹೋದಂಗಲ್ಲ,” ಎನ್ನುತ್ತಿದ್ದರು ಕಾಕಾ.

ಸೈಕಲ್ಲು ಗಾಡಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ನಡೆಯುವವರ ಗುಂಪಿನಲ್ಲಿ ಚಹಾ ಆರಿ ಹೋಗುವಷ್ಟು ಚರ್ಚೆಯಾಯಿತಂತೆ. ತುಳಿಯುವುದು ಸ್ವಂತ ಕಾಲು, ಆದ್ದರಿಂದ ನಡಿಗೆಯೇ ಎಂದು ಕೆಲವರು. ಕಾಲು ನೆಲಕ್ಕೆ ತಾಗುವುದಿಲ್ಲ, ಆದ್ದರಿಂದ ಗಾಡಿಯೇ ಎಂದು ಉಳಿದವರು. ಕಾಕಾ ಬಂದು ನನಗೆ ತೀರ್ಪು ಹೇಳಿದರು. “ಕಾಲು ನನ್ನವು, ಚೈನು ಅಂಗಡಿಯವಂದು. ಅರ್ಧಾ ಪುಣ್ಯ ಬಂದ್ರೂ ಸಾಕು ತಂಗಿ. ನಡಿ, ಸೈಕಲ್ ನೋಡೂಣು.”

ಆಗ ನಾನೂ ಸೈಕಲ್ ಕೊಳ್ಳಬೇಕೆಂದು ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಅರ್ಧ ಪಂಡಿತೆಯಾಗಿದ್ದೆ. ಇಬ್ಬರೂ ಊರೆಲ್ಲ ಅಲೆದೆವು. ಮೊದಲ ಅಂಗಡಿಯಲ್ಲಿ ಮೋಟರ್‌ಸೈಕಲ್ಲಿನಂಥ ದಪ್ಪ ಟೈರಿನದೊಂದು ನಿಂತಿತ್ತು. ಕಾಕಾನ ಕಣ್ಣು ಅದರ ಮೇಲೆಯೇ. ಹ್ಯಾಂಡಲ್ ಹಿಡಿದು, ಸಂತೆಯಲ್ಲಿ ಕುಂಬಳಕಾಯಿ ತೂಗಿ ನೋಡುವವರಂತೆ ಎತ್ತಲು ಹೋದರು, ಏಳಲಿಲ್ಲ. ಇನ್ನೊಂದಕ್ಕೆ ಮುಂದೆಯೂ ಸ್ಪ್ರಿಂಗು, ಹಿಂದೆಯೂ ಸ್ಪ್ರಿಂಗು. ತುಳಿದ ಶಕ್ತಿಯೆಲ್ಲ ಕುಣಿಯುವುದಕ್ಕೇ ಖರ್ಚಾಗುತ್ತದೆ, ಮುಂದಿನದು ಒಂದೇ ಸಾಕು ಎಂದು ನಾನು ಬೇಡವೆಂದೆ. ಮೂರನೆಯ ಅಂಗಡಿಯವರು, “ಕಾಕಾ, ಏಕ್‌ವೀಸ್ ಗೇರ್‌ಚೀ ಘ್ಯಾ ನಾ,” ಎಂದು ಇಪ್ಪತ್ತೊಂದು ಗೇರಿನದನ್ನು ಮುಂದೆ ತಂದರು. “ನಾ ಅಕ್ಕಲಕೋಟಿಗೆ ಹೊಂಟೀನ್ರಿ, ಹಿಮಾಲಯಕ್ಕಲ್ಲ,” ಎಂದು ಕಾಕಾ ಕನ್ನಡದಲ್ಲೇ ಅಂದುಬಿಟ್ಟರು.

ಕೊನೆಗೆ ಸಿಕ್ಕದ್ದು ಸಾದಾ ಉಕ್ಕಿನ ಚೌಕಟ್ಟಿನದು. ಹಿಂದಷ್ಟೇ ಏಳು ಗೇರು, ನಡು ಅಗಲದ ಹಲ್ಲಿನ ಟೈರು, ಸೀಟು ಇಳಿಸಿದರೆ ಎರಡೂ ಕಾಲು ನೆಲಕ್ಕೆ ಊರುವಷ್ಟು ಎತ್ತರ. ಕಾಲು ಊರಲೇಬೇಕು ಎಂಬುದೊಂದೇ ನನ್ನ ಹಟ. ಕಾಕಾನ ಹಟ ಬೇರೆ. ಅಂಥ ಸೈಕಲ್ಲಿಗೆ ಮಡ್‌ಗಾರ್ಡ್ ಇರುವುದಿಲ್ಲ, ಇವರಿಗೆ ಬೇಕೇ ಬೇಕು. ಬೆನ್ನಿಗೆ ಕೆಸರು ಸಿಡಿದ ಬಿಳಿ ಅಂಗಿಯಲ್ಲಿ ಸ್ವಾಮಿಗಳ ಮುಂದೆ ಹೇಗೆ ನಿಲ್ಲುವುದು? ಚಕ್ರಕ್ಕೆ ತಾಗುವಷ್ಟು ಹತ್ತಿರ, ಉದ್ದನೆಯ ಮಡ್‌ಗಾರ್ಡ್ ಎರಡೂ ಕಡೆ ಹಾಕಿಸಿದರು. ನಾನೂ ಅಂಥದ್ದೇ ಒಂದನ್ನು ಕೊಂಡೆ, ಮಡ್‌ಗಾರ್ಡ್ ಇಲ್ಲದೆ.

ಮೊದಲ ಗುರುವಾರ ನಾನು ರಜೆ ಹಾಕಿ ಜೊತೆಗೆ ಹೊರಟೆ. ವಳಸಂಗದವರೆಗೆ ಡಾಂಬರಿನ ಮೇಲೆ ಕಾಕಾ ಮದುಮಗನ ಹಾಗೆ ಬಂದರು. ಮುಂದೆ ದೊಡ್ಡ ರಸ್ತೆಯ ಲಾರಿಗಳ ಕಾಟ ಬೇಡವೆಂದು, ಗುಂಪಿನವರು ನಡೆಯುತ್ತಿದ್ದ ಹೊಲದ ದಾರಿಗೆ ಇಳಿದೆವು. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು... ಆಮೇಲೆ ಕೇಳಬೇಕೆ. ನಾಲ್ಕು ಮಾರು ಹೋಗುವುದರೊಳಗೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ, ಕಾಕಾನ ಎರಡೂ ಚಕ್ರ ಕಚ್ಚಿಕೊಂಡು ನಿಂತವು. ಮಡ್‌ಗಾರ್ಡ್ ಇಲ್ಲದ ನನ್ನ ಸೈಕಲ್ ಹೇಗೋ ತೆವಳುತ್ತಿತ್ತು. ಕಾಕಾ ಇಳಿದು, ಬದುವಿನಲ್ಲಿ ಬಿದ್ದಿದ್ದ ತೊಗರಿ ಕಟ್ಟಿಗೆಯಿಂದ ಮಣ್ಣು ತಿವಿಯುತ್ತಾ ನಗತೊಡಗಿದರು.

“ಈ ಮಣ್ಣಾಗ ಹುಟ್ಟಿ ಬೆಳದಾಂವ ನಾ. ಇದರಾಗ ಬಂಡಿ ಗಾಲಿ ಹುಗದದ್ದು ಎಷ್ಟ್ ಸಲ ನೋಡೀನಿ! ಅಂಗಿ ನೆನಪಿತ್ತು, ಮಣ್ಣು ಮರತ್ನಿ.”

ನನಗೆ ಅಳುವೇ ಬಂದಿತ್ತು. ಇಷ್ಟು ಸೋಸಿ ಸೋಸಿ ಆರಿಸಿ, ಕೊನೆಗೆ ಅರ್ಧ ದಾರಿಯಲ್ಲಿ ಬಸ್ಸು ಹಿಡಿಯಬೇಕೇ? ಇದೂ ಕೈತಪ್ಪಿದರೆ ಈ ಮನುಷ್ಯ ಮತ್ತೆ ಗೇಟಿನ ಕುರ್ಚಿಗೇ ಎಂದು ಹೆದರಿದ್ದೆ. ಕಾಕಾ ಮಾತ್ರ ಚಕ್ರ ಬಿಡಿಸಿಕೊಂಡು, ಹುಲ್ಲಿದ್ದ ಬದುವಿನ ಅಂಚಿಗೆ ಸೈಕಲ್ ಹತ್ತಿಸಿ, ಹ್ಯಾಂಡಲಿನ ಮೇಲೆ ಭಾರ ಬಿಟ್ಟು ತಳ್ಳಿಕೊಂಡು ಹೊರಟರು. ಸ್ವಲ್ಪ ದೂರ ಹೋಗಿ ನಿಂತರು. ಹಿಂತಿರುಗಿ ನೋಡಿದ ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

“ತಂಗಿ... ನಾ ನಡ್ಯಾಕತ್ತೀನಿ ನೋಡು.”

ನಿಜ, ನಡೆಯುತ್ತಿದ್ದರು. ಮೊಣಕಾಲಿನ ಭಾರವನ್ನು ಸೈಕಲ್ ಹೊತ್ತಿತ್ತು. ಮುಂದಿನ ಗುರುವಾರಗಳಲ್ಲಿ ಅದೇ ರೂಢಿಯಾಯಿತು. ಮಡ್‌ಗಾರ್ಡ್ ಬಿಚ್ಚಿಸಿದರು, ಇನ್ನೊಂದು ಬಿಳಿ ಅಂಗಿ ಚೀಲದಲ್ಲಿಟ್ಟುಕೊಂಡರು. ಡಾಂಬರಿನಲ್ಲಿ ಸವಾರಿ, ಹೊಲದ ದಾರಿಯಲ್ಲಿ ಕಾಲ್ನಡಿಗೆ. ಗುಂಪಿನವರೂ ತಕರಾರು ತೆಗೆಯಲಿಲ್ಲ. “ದೂಡ್ಕೊಂಡು ಹೋಗಾಕ ಗೇರಿನ ಸೈಕಲ್ ಬೇಕಿತ್ತೇನ್ರಿ?” ಎಂದು ಕಾಕು ಹಂಗಿಸಿದರೆ ಕಾಕಾ ಕೇಳಿಸದವರ ಹಾಗೆ ಚೈನಿಗೆ ಎಣ್ಣೆ ಬಿಡುತ್ತಿದ್ದರು.

ಹಾಗೆ ಎಷ್ಟೋ ವರ್ಷ ನಡೆಯಿತು. ಹೋದ ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ...

ಹೋದ ವಾರ ಅಂಗಡಿಯಿಂದ ಬರಿಗೈಯಲ್ಲಿ ಬಂದು, ಸೈಕಲ್ ನೋಡಲು ಹೋಗಿದ್ದೆ ಎಂದು ಕಾಕುಗೆ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಗುರುವಾರ ನನ್ನ ಅಕ್ಕಲಕೋಟಿಗೆ ಕರ್ಕೊಂಡು ಹೋಗ್ತೀಯೇನವಾ?” ಎಂದರು. ಇಷ್ಟು ಹತ್ತಿರವಿದ್ದೂ ಅವರು ಆ ಗುಡಿಗೆ ಹೋದದ್ದು ಮದುವೆಯಾದ ಹೊಸದರಲ್ಲಿ ಒಮ್ಮೆ ಮಾತ್ರವಂತೆ. ನನಗೆ ಅದು ತಿಳಿದದ್ದೇ ಅವತ್ತು.

ಮೊನ್ನೆ ಬಸ್ಸಿನಲ್ಲಿ ಅವರನ್ನು ಕಿಟಕಿಗೆ ಕೂರಿಸಿದೆ. ವಳಸಂಗ ದಾಟಿದ ಮೇಲೆ, ಕಾಕಾ ಎಲ್ಲಿ ಸೈಕಲ್ ಇಳಿದು ನಡೆಯುತ್ತಿದ್ದರು ಎಂದು ಕಾಕು ಕೇಳಿದರು. ಕೈ ಮಾಡಿ ತೋರಿಸಿದೆ. ಕತ್ತು ತಿರುಗಿಸಿ, ಆ ಹೊಲ ಹಿಂದೆ ಸರಿಯುವವರೆಗೂ ನೋಡಿದರು.

“ಬಸ್ಸಿಗೆ ಹೋಗ್ರಿ, ಬಸ್ಸಿಗೆ ಹೋಗ್ರಿ ಅಂತ ಅಷ್ಟ್ ವರ್ಷ ಯಾಕ ಬಡ್ಕೊಂಡ್ನಿ ಗೊತ್ತೇನ?” ಎಂದರು ನನ್ನ ಕಡೆ ನೋಡದೆ. “ನಂಗ ಅಷ್ಟ್ ದೂರ ನಡ್ಯಾಕ ಆಗೂದಿಲ್ಲವಾ. ಬಸ್ಸಿಗೆ ಹೋಗಿದ್ರ ನನ್ನೂ ಕರ್ಕೊಂಡು ಹೋಗ್ತಿದ್ರು.”

ಗದ್ದಲದಲ್ಲಿ ಆಗಷ್ಟೇ ನಮ್ಮ ಸೀಟಿನವರೆಗೆ ಬಂದ ಕಂಡಕ್ಟರ್ ಎಷ್ಟು ಟಿಕೆಟ್ ಎಂದು ಕೇಳಿದ. ಕಾಕುವೇ, “ಎರಡು, ಅಕ್ಕಲಕೋಟಿಗೆ,” ಎಂದರು.