ಎತ್ತಬಾರದ ಕರೆ

ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಎಲ್ಲೋ ಫೋನು ರಿಂಗಾದಂತೆ ನಿಮಗೂ ಕೇಳಿಸುತ್ತದೆಯೇ? ನನಗಂತೂ ದಿನವೂ ಕೇಳಿಸುತ್ತದೆ. ಚೊಂಬು ಕೆಳಗಿಟ್ಟರೆ ಸದ್ದೂ ನಿಲ್ಲುತ್ತದೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ, ಕಂಡದ್ದನ್ನೆಲ್ಲ ಸಂದೇಹಿಸುವುದನ್ನೇ ಕಸುಬು ಮಾಡಿಕೊಂಡ ನಾನು ಈ ಸದ್ದೊಂದನ್ನು ಮಾತ್ರ ಇತ್ತೀಚಿನವರೆಗೆ ಸಂದೇಹಿಸಿರಲಿಲ್ಲ. ಏಕೆಂದರೆ ಆ ಹೊತ್ತಿಗೆ ಒಂದು ರಿಂಗು ಬರಬೇಕಾಗಿತ್ತು.

ಅದು ಲಕ್ಕೂರಿನ ಅಂಗನವಾಡಿಯಲ್ಲಿ ಟೀಚರಾಗಿರುವ ನನ್ನ ಅಕ್ಕನ ಮಿಸ್ಡ್ ಕಾಲ್. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ಮರೆತ ಅಕ್ಕ ಒಮ್ಮೆ ಒಲೆಯ ಮುಂದೆಯೇ ಕುಸಿದುಬಿದ್ದಿದ್ದಳು. ಬೆಳಗಿನ ಪಾಳಿಗೆ ಮಾಲೂರಿನ ಕಾರ್ಖಾನೆಗೆ ಹೋಗುವ ಭಾವನ ಫೋನು ಗೇಟಿನಲ್ಲೇ ಉಳಿಯುತ್ತದೆ. ಹಾಗಾಗಿ ಕೋಲಾರದ ಕಾಲೇಜಿನಲ್ಲಿ ಪಾಠ ಮಾಡುವ ನನಗೂ ಅವಳಿಗೂ ಒಂದು ಒಪ್ಪಂದ: ತಿಂಡಿ ತಿಂದ ಮೇಲೆ ಒಂದೇ ರಿಂಗು ಕೊಟ್ಟು ಕಟ್ ಮಾಡಬೇಕು. ಬಂದರೆ ಕ್ಷೇಮ, ಬಾರದಿದ್ದರೆ ನಾನು ಹೊರಡಬೇಕು. ಕರೆ ಅಗ್ಗವಾಗಿ ಎಷ್ಟೋ ಕಾಲವಾದರೂ ನಮ್ಮ ಕಡೆ ಈ ಭಾಷೆ ಸತ್ತಿಲ್ಲ. ಬಸ್ಸು ಹತ್ತಿದೆ, ಹಾಲು ತಂದಿಟ್ಟೆ, ಬಾಗಿಲು ತೆಗೆ, ಎಲ್ಲಕ್ಕೂ ಒಂದು ರಿಂಗು ಸಾಕು.

ಲಕ್ಕೂರಿನ ಬಳಿ ಹೊಸ ಟವರು ಎದ್ದು, ಚಾಲೂ ಮಾಡುವ ಮುನ್ನ ಅದನ್ನು ಪರೀಕ್ಷಿಸಲು ಬಂದ ಇಂಜಿನಿಯರು ಅಕ್ಕನ ಮನೆಯ ತಾರಸಿ ಹತ್ತಿದಾಗ, ಭಾನುವಾರವಾದ್ದರಿಂದ ನಾನೂ ಅಲ್ಲಿದ್ದೆ. ಆತನ ಪರೀಕ್ಷೆಯನ್ನೇ ಪರೀಕ್ಷಿಸಲು ಹೊರಟೆ. ಮಳೆ ಬಂದರೆ? ತೋಪಿನ ನಡುವೆ ನಿಂತರೆ? ಆತ ಕೊಟ್ಟ ಫೋನು ಹಿಡಿದು ಹಸುವಿನ ಕೊಟ್ಟಿಗೆಯೊಳಗೂ ನುಗ್ಗಿ “ಹಲೋ, ಕೇಳಿಸ್ತಾ ಇದ್ಯಾ?” ಎಂದೆ.

“ಕಿರುಚಬೇಡಿ ಸರ್, ಟವರ್ ಇಲ್ದೇನೂ ಕೇಳಿಸ್ತಿದೆ!”

ಸಂದೇಹಿಸಲು ಇನ್ನೇನೂ ಉಳಿಯದೆ ನನಗೆ ತುಸು ನಿರಾಶೆಯೇ ಆಯಿತು.

ಟವರು ಚಾಲೂ ಆಗಿ ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಹೆಂಡತಿ ಎಂದಿನಂತೆ, “ಅಕ್ಕನ ಕಾಲ್ ಬಂತೇನ್ರೀ?” ಎಂದಳು.

“ಬಂತು,” ಎಂದೆ.

“ಎಲ್ಲಿ? ನಿಮ್ ಫೋನಲ್ಲಿ ಇಲ್ವಲ್ಲ?”

ನಿಜ, ಇರಲಿಲ್ಲ. ಮಿಸ್ಡ್ ಕಾಲ್ ಕಂಡ ಕೂಡಲೇ ಅಳಿಸುವ ಚಾಳಿ ನನ್ನದು. ಇವತ್ತಿನದನ್ನು ಅಳಿಸಿದೆನೋ, ಇನ್ನೆಂದೋ ಅಳಿಸಿದ್ದರ ನೆನಪೋ? ಅಕ್ಕನಿಗೆ ಕರೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ಮಾಲೂರಿಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಅವಳ ಅಡುಗೆಮನೆಯ ನೆಲವೇ ಕಣ್ಣಮುಂದೆ.

ಅಕ್ಕ ಅಂಗನವಾಡಿಯಲ್ಲಿ ಕೂತು ಮಕ್ಕಳಿಗೆ ಮೊಟ್ಟೆ ಸುಲಿಯುತ್ತಿದ್ದಳು. ಫೋನು ಚೀಲದೊಳಗೆ, ಮಕ್ಕಳ ಗದ್ದಲದಲ್ಲಿ ಮುಳುಗಿತ್ತು.

“ಏನೋ ಇದು, ಕಾಲೇಜಿಗೆ ರಜಾನಾ?”

“ರಿಂಗ್ ಯಾಕೆ ಕೊಡ್ಲಿಲ್ಲ?”

“ಕೊಟ್ನಲ್ಲೋ! ಒಂದ್ಸಲ ರಿಂಗಾಯ್ತು, ಕಟ್ ಮಾಡ್ದೆ.” ಅಣಕಿಸುವಾಗ ಅಕ್ಕನ ಬಾಯಿಗೆ ತೆಲುಗು ಬರುತ್ತದೆ. “ರಾ ನಾಯನಾ, ನೀನೂ ಸಾಲಲ್ಲಿ ಕೂತ್ಕೊಂಡು ಒಂದ್ ಮೊಟ್ಟೆ ತಿನ್ನು. ಮುಖ ನೋಡು ಹೆಂಗಾಗಿದೆ!”

ಅಲ್ಲೇ ಪ್ರಯೋಗ ನಡೆಯಿತು. ಅವಳ ಕಿವಿಗೆ ರಿಂಗು ಕೇಳಿಸುತ್ತಿದ್ದರೂ ನನ್ನ ಕೈಯಲ್ಲಿದ್ದ ಫೋನು ಮೌನ. ಕಟ್ ಮಾಡದೆ ಕಾದಾಗ ಮಾತ್ರ, ತಡವಾಗಿ ಎಚ್ಚೆತ್ತಿತು. ಒಂದೇ ರಿಂಗಿನ ಕರೆ ನನ್ನನ್ನು ತಲುಪುತ್ತಲೇ ಇರಲಿಲ್ಲ. ಅಂದು ನಂಬರು ಕೊಟ್ಟುಹೋಗಿದ್ದ ಇಂಜಿನಿಯರಿಗೆ ಫೋನು ಮಾಡಿದೆ.

“ಆನ್ ಆದಾಗಿಂದ ಹಂಗೇ ಇರ್ಬೇಕು ಸರ್. ಟೆಸ್ಟ್‌ನಲ್ಲಿ ಎತ್ತೋವರ್ಗೂ ಕಾಯ್ತೀವಿ. ಎತ್ತಬಾರದು ಅಂತ್ಲೇ ಯಾರ್ ಸರ್ ಕಾಲ್ ಮಾಡ್ತಾರೆ?”

ನಾವು ಮಾಡುತ್ತೇವೆ. ಅದನ್ನು ಹೇಳಬೇಕಾಗಿದ್ದ ನಾನೇ ಅಂದು ಕೊಟ್ಟಿಗೆಯಲ್ಲಿ ನಿಂತು ಹಲೋ ಎನ್ನುತ್ತಿದ್ದೆ. ಅದೂ ಹೋಗಲಿ, ಕಾಡಿದ್ದು ‘ಆನ್ ಆದಾಗಿಂದ’ ಎಂಬ ಮಾತು. ಹಾಗಾದರೆ ಅಷ್ಟೂ ವಾರ ‘ಬಂತು’ ಎಂದೆನಲ್ಲ, ನಾನು ಕೇಳಿಸಿಕೊಂಡದ್ದಾದರೂ ಏನನ್ನು? ಬರಬೇಕಾದದ್ದು ಬಂದಿತೆಂದು ಕಿವಿಯೇ ತೀರ್ಮಾನಿಸಿ, ನೆನಪು ಅದಕ್ಕೆ ರುಜು ಹಾಕಿತ್ತು. ಅವಳು ಒಲೆಯ ಮುಂದೆ ಬಿದ್ದಿದ್ದರೂ ನಾನು ‘ಬಂತು’ ಎಂದೇ ಹೇಳುತ್ತಿದ್ದೆ.

ಟವರು ಈಗ ಸರಿಹೋಗಿದೆಯಂತೆ. ಆದರೂ ನಾನು ಎತ್ತುವವರೆಗೆ ಅಕ್ಕ ಬಿಡುವುದಿಲ್ಲ. “ತಿಂದೆ ಕಣೋ,” ಎನ್ನುತ್ತಾಳೆ, ಏನು ತಿಂದೆ ಎಂದರೆ, “ನಿಂಗ್ಯಾಕೆ, ಬಂದು ಬಡಿಸ್ತೀಯಾ?” ಎನ್ನುತ್ತಾಳೆ. ತಲೆಗೆ ನೀರು ಸುರಿದಾಗ ಇಂದಿಗೂ ರಿಂಗು ಕೇಳಿಸುತ್ತದೆ. ಹೆಂಡತಿ ಹೊರಗಿನಿಂದ, “ಬಂತೇನ್ರೀ?” ಎಂದರೆ, “ಇರು, ನೋಡಿ ಹೇಳ್ತೀನಿ,” ಎಂದು ಟವೆಲು ಸುತ್ತಿಕೊಂಡು, ನೆಲವೆಲ್ಲ ನೀರು ಮಾಡುತ್ತಾ ಓಡುತ್ತೇನೆ.