ರೈ ಬಾಟಲಿಯ ಪೆನ್ಸಿಲ್ ಗೆರೆ

ಕೆಂಪಾಪುರದ ಶಿವರಾಮನ ಕತೆ ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದು ಬೇಡ. ಅವನ ವಿಸ್ಕಿ ಕದ್ದವನು ನಾನಲ್ಲ. ಎರಡು ತಿಂಗಳು ಅವನು ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದ. ನಾವಿಬ್ಬರೂ ಹೆಬ್ಬಾಳದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಮೂವತ್ತು ವರ್ಷದಿಂದ ಅಕ್ಕಪಕ್ಕ ಅಂಗಡಿ ಇಟ್ಟುಕೊಂಡಿದ್ದೇವೆ. ಅವನದು ಪೈಪು, ನಲ್ಲಿ ಮಾರುವ ಹಾರ್ಡ್‌ವೇರ್ ಅಂಗಡಿ, ನನ್ನದು ಎಲೆಕ್ಟ್ರಿಕಲ್. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಶಿವರಾಮ ಮೊದಲು ನಮ್ಮೆಲ್ಲರ ಹಾಗೇ ಇದ್ದ. ಭಾನುವಾರ ಎರಡು ಪೆಗ್ ಹಾಕಿ, ಬಿಸಿ ಮುದ್ದೆ, ಕೋಳಿಸಾರು ಉಂಡು ಮಲಗುತ್ತಿದ್ದ. ಅವನ ಮನೆ ಅಂಗಡಿಯ ಮೇಲೇ. ಅವನನ್ನು ಕೆಡಿಸಿದವಳು ಅದೇ ಕಟ್ಟಡದ ಮೂರನೇ ಮಹಡಿಯ ಬಾಡಿಗೆಯ ಹುಡುಗಿ ಸ್ನೇಹಾ. ಗದಗದ ಕಡೆಯವಳು, ಕಂಪನಿ ಕೆಲಸಕ್ಕೆ ವರ್ಷಕ್ಕೆ ಎರಡು ಮೂರು ಸಲ ಅಮೆರಿಕಕ್ಕೆ ಹೋಗಿಬರುತ್ತಾಳೆ. ಎಂಟು ವರ್ಷದ ಹಿಂದೆ ಅವಳ ಗೀಸರ್ ಕೆಟ್ಟಾಗ ಶಿವರಾಮ ತಾನೇ ಕೂತು ರಿಪೇರಿ ಮಾಡಿಕೊಟ್ಟ. ಅದರ ಋಣಕ್ಕೆ ಅವಳು ಮುಂದಿನ ಸಲ ಒಂದು ಬಾಟಲಿ ತಂದುಕೊಟ್ಟಳು. "ಅಂಕಲ್, ಇದಕ್ಕ ಬರ್ಬನ್ ಅಂತಾರ್ರಿ. ಗೋವಿನಜೋಳದಿಂದ ಮಾಡ್ತಾರಂತ" ಅಂದಳು.

ಗೋವಿನಜೋಳ ಅಂದರೆ ನಮ್ಮ ಮುಸುಕಿನಜೋಳ. ಶಿವರಾಮನ ಅಪ್ಪ ಅದನ್ನು ಬೆಳೆಯುತ್ತಿದ್ದ ಹೊಲದ ಮೇಲೇ ಈಗ ನಮ್ಮಿಬ್ಬರ ಅಂಗಡಿ ನಿಂತಿರುವುದು. ಅವನಿಗೆ ಅದು ಎಲ್ಲೋ ತಾಗಿತು ಅಂತ ಕಾಣುತ್ತದೆ. ಅಲ್ಲಿಂದ ಶುರುವಾಯಿತು ಹುಚ್ಚು. ಒಳಗೆ ಸುಟ್ಟ ಹೊಸ ಮರದ ಪೀಪಾಯಿಯಲ್ಲೇ ಅದನ್ನು ವರ್ಷಗಟ್ಟಲೆ ಇಡಬೇಕಂತೆ. ಜೋಳದ ಬದಲು ರೈ ಎನ್ನುವ ಧಾನ್ಯ ಹೆಚ್ಚು ಹಾಕಿದರೆ ಅದು ಬೇರೆ ಜಾತಿಯಂತೆ. ಪೈಪಿಗೆ ಬಂದ ಗಿರಾಕಿಗಳಿಗೂ ಇದನ್ನೇ ಹೇಳುತ್ತಿದ್ದ. ಪುಟ್ಟ ಗ್ಲಾಸಿಗೆ ಒಂದಿಷ್ಟು ಸುರಿದು, ಹೋಮಿಯೋಪತಿ ಔಷಧಿಯ ಡ್ರಾಪರಿನಲ್ಲಿ ಎರಡೇ ಹನಿ ನೀರು ಬಿಟ್ಟು, ಹತ್ತು ನಿಮಿಷ ಬರೀ ಮೂಸುತ್ತಿದ್ದ. ನಾಲಿಗೆ ಒಣಗಿ ಕೂತ ನನಗೆ ಮೈ ಉರಿಯುತ್ತಿತ್ತು. ಆಮೇಲೆ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆಯುವನು: "ಸುಟ್ಟ ಬೆಲ್ಲ. ಬಾಳೆಹಣ್ಣಿನ ರಸಾಯನ. ಹೊಸ ಬಾಗಿಲು ಕೂರಿಸಿದ ಮನೆ." ಬೈದುಕೊಂಡೇ ನಾನೂ ಕಲಿತೆ. ಒಂದು ವರ್ಷದಲ್ಲಿ ನನಗೂ ಕಣ್ಣು ಮುಚ್ಚಿ ಬರ್ಬನ್ ಯಾವುದು, ರೈ ಯಾವುದು ಹೇಳುವುದು ಬಂತು.

ಸ್ನೇಹಾಳ ಕೈಯಲ್ಲೇ ಒಂದೊಂದಾಗಿ ತರಿಸಿ ಹನ್ನೊಂದು ಬಾಟಲಿ ಸೇರಿದವು. ಎಲ್ಲವನ್ನೂ ಅವನ ತಾಯಿ ಗೋಪಾಲಮ್ಮನವರು ಒಂದು ಕಾಲದಲ್ಲಿ ಸೀರೆ ಇಡುತ್ತಿದ್ದ ಹಳೇ ಬೀರುವಿನಲ್ಲಿ ಇಟ್ಟ. ಅದು ಅವರ ಕೋಣೆಯಲ್ಲೇ ಇತ್ತು. ಗೋಪಾಲಮ್ಮನವರಿಗೆ ಎಂಬತ್ತು ದಾಟಿದೆ, ಮೊಣಕಾಲು ನೋವು, ಮೆಟ್ಟಿಲು ಇಳಿಯುವುದಿಲ್ಲ. ಕುಡಿತ ಅಂದರೆ ಮುಖ ತಿರುಗಿಸುವ ಹೆಂಗಸು. ಮಗ ಬೀರು ತೆಗೆದಾಗಲೆಲ್ಲ ಗೋಡೆ ಕಡೆ ಹೊರಳಿ ಮಲಗುತ್ತಿದ್ದರು.

ಹನ್ನೊಂದರಲ್ಲಿ ಒಂದು ರೈ ಬಾಟಲಿ ಅವನ ಪ್ರಾಣ. ಮೆಣಸು, ಸೋಂಪು, ಹಿಂದೆಯೇ ಸುಟ್ಟ ಮರದ ಘಾಟು. ಅದನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ, ಇನ್ನೊಂದು ಸಿಗುವುದಿಲ್ಲ ಎಂದು ಸ್ನೇಹಾ ಹೇಳಿದ್ದಳು. ಹಾಗಾಗಿ ತಿಂಗಳಿಗೊಮ್ಮೆ, ನನಗೊಂದು ಗುಟುಕು, ಅವನಿಗೊಂದು ಗುಟುಕು, ಅಷ್ಟೇ. ಸುರಿದಾದ ಮೇಲೆ ಲೇಬಲ್ಲಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು ತಾರೀಖು ಹಾಕುತ್ತಿದ್ದ.

ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಬಾಟಲಿ ತೆಗೆದವನು ಹಾಗೇ ನಿಂತುಬಿಟ್ಟ. ಮದ್ಯ ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು.

"ಆವಿ ಆಗಿರ್ಬೇಕು ಬಿಡೋ" ಅಂದೆ.

"ಪೀಪಾಯಲ್ಲಿ ಆವಿ ಆಗತ್ತೆ ಗುರು. ಬಿರಡೆ ಬಿಗಿಯಾಗಿರೋ ಬಾಟ್ಲಲ್ಲಿ ಆಗಲ್ಲ" ಅಂದ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ. "ಉಳಿದ ಹತ್ತು ಬಾಟ್ಲಿ ಮುಟ್ಟಿಲ್ಲ. ಇದೊಂದನ್ನೇ ಮುಟ್ಟಿದಾನೆ. ಬೆಲೆ ಗೊತ್ತಿರೋನೇ ಯಾವನೋ."

ಬೆಲೆ ಗೊತ್ತಿದ್ದವನು ಅವನನ್ನು ಬಿಟ್ಟರೆ ನಾನೊಬ್ಬನೇ. ಅವತ್ತಿನಿಂದ ನಾನು ಮೂತ್ರಕ್ಕೆ ಎದ್ದರೂ ನನ್ನ ಹಿಂದೆ ಅವನ ಕಣ್ಣು. ದೇವರ ಪಟದ ಹಿಂದಿದ್ದ ಬೀರುವಿನ ಕೀ ಅವನ ಉಡಿದಾರಕ್ಕೆ ಬಂತು. ಎರಡು ತಿಂಗಳು ನಾನು ಮುನಿಸಿಕೊಂಡು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆದರೂ ರೈ ಇಳಿಯಿತು. ಆಗ ನನ್ನ ಅಂಗಡಿಗೆ ತಾನೇ ಕಾಫಿ ತಂದುಕೊಟ್ಟು, "ನೀನಲ್ಲ ಕಣೋ" ಅಂದ. ಎರಡು ತಿಂಗಳ ಅವಮಾನಕ್ಕೆ ಒಂದು ಲೋಟ ಕಾಫಿ. ಕುಡಿದೆ, ಏನು ಮಾಡಲಿ.

ನಾನಲ್ಲ ಎಂದಾದ ಮೇಲೆ ಮತ್ತೆ ಯಾರು ಎಂದು ಹುಡುಕಲು ಇಬ್ಬರೂ ಸೇರಿಕೊಂಡೆವು. ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಕೆಲಸದ ಮುನಿಕೃಷ್ಣಮ್ಮ ಬಂದಾಗ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆವು. ಬಾಟಲಿ ತಂದುಕೊಟ್ಟ ಪುಣ್ಯಕ್ಕೆ ಸ್ನೇಹಾಳ ಮೇಲೂ ಒಂದು ವಾರ ಸಂಶಯಪಟ್ಟೆವು. ಕೊನೆಗೆ ಶಿವರಾಮ ದಿನಾ ಬಾಟಲಿ ನೋಡಿ, ಇಳಿದ ದಿನದ ತಾರೀಖನ್ನೂ ಪೆನ್ಸಿಲ್‌ನಿಂದ ಬರೆಯತೊಡಗಿದ, ಅವನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದವನೂ ಅವನೇ. ಪ್ರತಿ ಅಮಾವಾಸ್ಯೆ ಆದ ಮೇಲೆ ಬಾಟಲಿ ಒಂಚೂರು ಇಳಿದಿರುತ್ತಿತ್ತು.

ಅಮಾವಾಸ್ಯೆಯ ದಿನ ನಮ್ಮ ಸಾಲಿನ ಅಂಗಡಿಗಳಲ್ಲಿ ಪೂಜೆ. ಮನೆಮಂದಿಯೆಲ್ಲ ಕೆಳಗಿರುತ್ತಾರೆ. ದೃಷ್ಟಿ ತೆಗೆದು ಒಡೆಯುವ ಬೂದುಗುಂಬಳಕಾಯಿ ತರಲು ಮೇಲೆ ಹೋಗುವವನು ಒಬ್ಬನೇ: ಮಹೇಂದ್ರ, ಶಿವರಾಮನ ಹೆಂಡತಿ ಧನಲಕ್ಷ್ಮಿಯ ತಮ್ಮ. ಭಾವನ ಅಂಗಡಿಯಲ್ಲೇ ಕೆಲಸ. ಡೂಪ್ಲಿಕೇಟ್ ಕೀ ಕಡಿಯುವ ಮೆಷಿನ್ ಓಡಿಸುವವನೂ ಅವನೇ.

ಮಹೇಂದ್ರ ಅಂದ ಕೂಡಲೇ ನಾನು ಕ್ಯಾಲೆಂಡರ್ ಮಡಚಿಟ್ಟೆ. ಅವನು ಒಂದು ಕಾಲದಲ್ಲಿ ಮತ್ತಿಕೆರೆಯ ಬಾರುಗಳ ಮುಂದೆ ಬಿದ್ದಿದ್ದವನು. ಮೂರು ವರ್ಷದ ಹಿಂದೆ ಬಿಟ್ಟ. ಹೆಂಡತಿ ವೇದಾ ಆಗ ಹೇಳಿದ್ದಿಷ್ಟೇ: ಇನ್ನೊಂದು ಸಲ ಮುಟ್ಟಿದರೆ ಮಗಳನ್ನು ಕರೆದುಕೊಂಡು ಅಬ್ಬಿಗೆರೆಯ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ. ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಮಹೇಂದ್ರ ಬಿಟ್ಟದ್ದು ನಿಜವೇ ಎನ್ನುವುದರ ಮೇಲೆ ಆ ಸಂಸಾರ ನಿಂತಿತ್ತು.

"ಮೊದ್ಲು ಅವನನ್ನ ಒಬ್ಬನೇ ಕೂರಿಸ್ಕೊಂಡು ಕೇಳು" ಅಂದೆ.

"ಕೇಳಿದ್ರೆ ಇಲ್ಲ ಅಂತಾನೆ. ಕುಡುಕರು ಹೂಂ ಅಂದಿದ್ದು ಯಾವತ್ತು?" ಅಂದ ಶಿವರಾಮ.

ಗಣೇಶನ ಹಬ್ಬಕ್ಕೆ ಮುಂಚಿನ ಬೆನಕನ ಅಮಾವಾಸ್ಯೆ ಬಂತು. ಅಂಗಡಿ ಮುಂದೆ ಕರ್ಪೂರ ಹಚ್ಚಿತ್ತು. ಧನಲಕ್ಷ್ಮಿ, ವೇದಾ, ಅವಳ ಮಗಳು, ಅಕ್ಕಪಕ್ಕದ ಅಂಗಡಿಯವರು ಎಲ್ಲ ನಿಂತಿದ್ದರು. ಮಹೇಂದ್ರ ಕುಂಬಳಕಾಯಿ ಹೊತ್ತು ಇಳಿದು ಬಂದ. ಇಳಿಸಿಟ್ಟ ಕೂಡಲೇ ಶಿವರಾಮ ಅವನ ಬಲಗೈ ಹಿಡಿದು ಮೂಗಿಗೆ ಇಟ್ಟುಕೊಂಡ. ಹಿಡಿದ ಕೈ ಬಿಡದೆ ನನ್ನ ಕಡೆ ಚಾಚಿದ.

"ನೀನೇ ನೋಡು ಗುರು."

ನಾನು ಮೂಸಿದೆ. ಬೆರಳಲ್ಲಿ ಮೆಣಸು, ಸೋಂಪು, ಸುಟ್ಟ ಮರ. ಸುಳ್ಳು ಹೇಳಲು ಬರಲಿಲ್ಲ. "ಹೂಂ, ಅದೇ" ಅಂದೆ.

ಮಹೇಂದ್ರ ನಮ್ಮನ್ನು ನೋಡಲಿಲ್ಲ, ವೇದಾಳನ್ನು ನೋಡಿದ. "ನಾನ್ ಕುಡ್ದಿಲ್ಲ ಭಾವ" ಅಂದ.

"ಮತ್ತೆ ಕೈಗೆ ಹೆಂಗೆ ಬಂತು?"

ಅದಕ್ಕೆ ಅವನು ಬಾಯಿ ತೆರೆದು, ಮೇಲೆ ಭಾವನ ಮನೆಯ ಕಡೆ ಒಮ್ಮೆ ನೋಡಿ, ಮತ್ತೆ ಮುಚ್ಚಿಕೊಂಡ. ವೇದಾ ಮಗಳ ಕೈ ಹಿಡಿದು ರಸ್ತೆಗೆ ಇಳಿದು ಆಟೋ ಹತ್ತಿದಳು. ಕುಂಬಳಕಾಯಿ ಒಡೆಯುವವರು ಯಾರೂ ಇಲ್ಲದೆ ಕೊನೆಗೆ ನಾನೇ ಒಡೆದೆ. ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಕೆಳಗೆ ಮಹೇಂದ್ರನ ಹತ್ತಿರವಿದ್ದ ಅಂಗಡಿಯ ಕೀ ಬಿದ್ದಿತ್ತು. ಆಮೇಲೆ ಅವನು ಬರಲಿಲ್ಲ.

ಧನಲಕ್ಷ್ಮಿ ಗಂಡನಿಗೆ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಗೋಪಾಲಮ್ಮನವರಿಗೆ ಮಹೇಂದ್ರ ಎಂದರೆ ಬಹಳ ಇಷ್ಟ. ನೊಂದುಕೊಳ್ಳುತ್ತಾರೆಂದು ಅವರಿಗೆ ಯಾರೂ ಹೇಳಲಿಲ್ಲ. ಕೇಳಿದರೆ ಅವನಿಗೆ ಹುಷಾರಿಲ್ಲ ಎಂದರು. ಶಿವರಾಮ ಆ ತಿಂಗಳು ಒಂದು ಹನಿಯನ್ನೂ ಮುಟ್ಟಲಿಲ್ಲ. ತಾನು ಮಾಡಿದ್ದು ಸರಿ ಎಂದು ದಿನಕ್ಕೆ ಹತ್ತು ಸಲ ನನಗೆ ಹೇಳುತ್ತಿದ್ದ. ನಾನು ಅವನ ಮುಖ ನೋಡುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆ ಮಹಾಲಯ, ನಮ್ಮಲ್ಲಿ ಹಿರಿಯರ ಹಬ್ಬ. ತೀರಿಹೋದವರಿಗೆ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಮಾಂಸದ ಸಾರು, ವಡೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕುಡಿಯಲೂ. ಶಿವರಾಮನ ಅಪ್ಪನಿಗೆ ಪ್ರತಿ ವರ್ಷ ಒಂದು ಕ್ವಾರ್ಟರ್ ಬ್ರಾಂಡಿ ಇಡುತ್ತಿದ್ದರು. ಅವತ್ತು ಮಧ್ಯಾಹ್ನ ನಾನೂ ಅಲ್ಲಿದ್ದೆ. ಎಲೆ ಹಾಕಿ ಆಗಿತ್ತು. ಕೋಣೆಯಿಂದ ಗೋಪಾಲಮ್ಮನವರು ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ರೈ ಬಾಟಲಿ, ಸೊಂಟದ ಸೀರೆಯಲ್ಲಿ ಸಿಕ್ಕಿಸಿದ ಬೀರುವಿನ ಎರಡನೇ ಕೀ. ಅವರ ಬೀರು ಅದು. ಅವರ ಹತ್ತಿರ ಒಂದು ಕೀ ಇರಬಹುದೆಂದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

"ಮಯೇಂದ್ರ ಎಲ್ಲಿ?" ಅಂದರು. "ಇದರ ಬಿರಡೆ ನನ್ನ ಕೈಲಿ ಬರಾಕಿಲ್ಲ. ಪ್ರತಿ ಅಮಾಸೆಗೂ ಅವನೇ ತೆಗ್ದು ಕೊಡಾದು."

ಶಿವರಾಮ ಎದ್ದು ನಿಂತ. "ಪ್ರತಿ ಅಮಾಸೆಗೂ ಯಾಕವ್ವಾ?" ಅಂದ.

"ನಿಮ್ಮಪ್ಪಂಗೆ. ಈ ಉಗಾದಿ ಅಮಾಸೆಯಿಂದ. ನೀನು ಆ ಸ್ನೇಹಾ ಮಗೀಗೆ ಏಳ್ತಿದ್ದೆ, ಇದೆಲ್ಲ ಮುಸುಕಿನಜೋಳದ್ದು, ನಮ್ಮ ಒಲದಾಗೆ ಬೆಳೀತಿದ್ವಿ ಅಂತ. ಒಂದೊಂದೂ ಮೂಸಿ ನೋಡ್ದೆ. ಇದೊಂದು ನಿಮ್ಮಪ್ಪನ ಸಾರಾಯಿ ಇದ್ದಂಗೆ ಗಾಟಾಗೈತೆ." ಅವರು ಬಾಟಲಿಯನ್ನು ಸೆರಗಿನಿಂದ ಒರೆಸಿದರು. "ಬದುಕಿದ್ದಾಗ ಒಂದು ದಿನ ಅವನ್ನ ಕುಂತು ಕುಡಿಯಾಕೆ ಬಿಡ್ಲಿಲ್ಲ ನಾನು. ಸೀಸೆ ಕಿತ್ಕೊಂಡು ಬಾವೀಗೆ ಸುರ್ದೆ. ಅಂಗಳದಾಗೆ ಮಲಗಿಸ್ದೆ. ಈಗ ಒಂದು ಬಟ್ಲು ಫೋಟೋ ಮುಂದೆ ಇಟ್ಟು, ಆಮೇಲೆ ಕುಂಡದ ಕರಿಬೇವಿನ ಗಿಡಕ್ಕೆ ಉಯ್ತೀನಿ. ನಿನಗೆ ಏಳಾಕೆ ನಾಚಿಕೆ. ಯಾರಿಗೂ ಏಳಬೇಡ ಅಂತ ಅವನತ್ರ ಆಣೆ ಇಡಿಸ್ಕೊಂಡಿದ್ದೆ."

ಧನಲಕ್ಷ್ಮಿ ಬಾಯಿಗೆ ಸೆರಗಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಗೋಪಾಲಮ್ಮನವರು ಕೇಳಿಸಿಕೊಂಡು ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡರು. ಬಿರಡೆ ತೆಗೆಯಲು ಕೈ ಚಾಚಿದ ಮಗನನ್ನು ತಡೆದರು. "ನೀನ್ ಮುಟ್ಟಬೇಡ. ಓಗಿ ಅವನ್ನ ಕರ್ಕಂಡು ಬಾ. ಅಲ್ಲೀಗಂಟ ಎಡೆ ಇಡಾಕಿಲ್ಲ. ನಿಮ್ಮಪ್ಪ ಕಾಯ್ಲಿ."

ನಾನೂ ಶಿವರಾಮನೂ ಸ್ಕೂಟರಿನಲ್ಲಿ ಮೊದಲು ಅಬ್ಬಿಗೆರೆಗೆ ಹೋದೆವು. ವೇದಾ ಬಾಗಿಲಲ್ಲೇ ನಿಂತು ಕೇಳಿದಳು. ಶಿವರಾಮ ಅವ್ವ ಹೇಳಿದ್ದನ್ನೆಲ್ಲ ಹೇಳಿದ.

"ಅಣ್ಣ, ಅವತ್ತು ಅವರ ಕೈ ಮೂಸಿದ್ರಿ" ಅಂದಳು. "ಬಾಯಿ ಮೂಸಿದ್ರಾ?"

ಎಂಟು ವರ್ಷ ಮೂಸುವುದನ್ನೇ ವಿದ್ಯೆ ಮಾಡಿಕೊಂಡವರು ನಾವು. ಇಬ್ಬರಿಗೂ ಅಷ್ಟು ತೋಚಿರಲಿಲ್ಲ.

"ನಾನೂ ನೋಡ್ಲಿಲ್ಲ. ಆಟೋ ಹತ್ಬಿಟ್ಟೆ" ಅಂದಳು. ಒಳಗೆ ಹೋಗಿ ಮಗಳನ್ನು ಎಬ್ಬಿಸಿಕೊಂಡು ಬಂದು ಚಪ್ಪಲಿ ಮೆಟ್ಟಿದಳು. ನಮ್ಮ ಸ್ಕೂಟರಿನ ಹಿಂದೆ ಆಟೋದಲ್ಲಿ ಬಂದಳು.

ಮತ್ತಿಕೆರೆಯಲ್ಲಿ ಮಹೇಂದ್ರನ ಬಾಡಿಗೆ ಮನೆಯ ಬಾಗಿಲು ತಟ್ಟುವಾಗ ನನಗೆ ಹೆದರಿಕೆ ಆಯಿತು. ಒಂದು ತಿಂಗಳು ಒಬ್ಬನೇ ಇದ್ದಾನೆ, ಕುಡುಕ ಎಂದು ಹತ್ತು ಜನರ ಮುಂದೆ ಹೇಳಿಸಿಕೊಂಡವನು. ಬಾಗಿಲು ತೆರೆದ ಕೂಡಲೇ ಶಿವರಾಮನ ಕಣ್ಣು ಮೂಲೆಗಳಲ್ಲಿ ಬಾಟಲಿ ಹುಡುಕಿತು. ನನ್ನದೂ ಹುಡುಕಿತು, ನಾಚಿಕೆಗೆಟ್ಟದ್ದು. ನೀರಿನ ಕ್ಯಾನ್ ಬಿಟ್ಟರೆ ಏನೂ ಇರಲಿಲ್ಲ. ಮಹೇಂದ್ರ ಸೊರಗಿಹೋಗಿದ್ದ, ಗಡ್ಡ ಬಂದಿತ್ತು. ಮಗಳು ಓಡಿ ಹೋಗಿ ಕಾಲು ಹಿಡಿದುಕೊಂಡಳು.

ಶಿವರಾಮ ಕೈ ಮುಗಿಯಲು ಹೋದ. ಮಹೇಂದ್ರ ಅದನ್ನು ನೋಡದವನಂತೆ ಕೇಳಿದ: "ಅತ್ತೆಗೆ ಇವತ್ತು ಬಿರಡೆ ಯಾರ್ ತೆಗೆದುಕೊಟ್ರು?"

"ಯಾರೂ ತೆಗೆದಿಲ್ಲ ಕಣೋ. ನೀನೇ ಬರ್ಬೇಕಂತೆ. ಅಪ್ಪ ಇನ್ನೂ ಹಸ್ಕೊಂಡಿದಾನೆ."

ಅವನು ಅಂಗಿ ಬದಲಿಸಿ ಬಂದ. ಭಾವನ ಜೊತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಇವತ್ತಿಗೂ ಮೊದಲಿನ ಹಾಗೆ ಮಾತಾಡುವುದಿಲ್ಲ, ಬೇಕಾದಷ್ಟು ಮಾತ್ರ.

ಮನೆಯಲ್ಲಿ ಗೋಪಾಲಮ್ಮನವರು ಎಲೆಯ ಮುಂದೆ ಬಾಟಲಿ ಹಿಡಿದು ಕೂತೇ ಇದ್ದರು. ಮಹೇಂದ್ರ ಅವರ ಪಕ್ಕ ಮಂಡಿಯೂರಿ ಕೂತ. ಬಾಟಲಿಯನ್ನು ಮೈಯಿಂದ ಆದಷ್ಟು ದೂರ ಚಾಚಿ ಹಿಡಿದ. ಮುಖವನ್ನು ಗೋಡೆ ಕಡೆ ತಿರುಗಿಸಿ, ಎದೆ ತುಂಬ ಒಮ್ಮೆ ಉಸಿರೆಳೆದುಕೊಂಡು, ಅದನ್ನು ಹಿಡಿದಿಟ್ಟು ಬಿರಡೆ ಎಳೆದ. ಮುದುಕಿಯ ಕೈ ನಡುಗುತ್ತಿತ್ತು, ಬಟ್ಟಲಿಗೆ ಸುರಿಯಲು ಬಹಳ ಹೊತ್ತು ಹಿಡಿಯಿತು. ಅವನ ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಆದರೂ ಅವನು ಉಸಿರು ಬಿಡಲಿಲ್ಲ. ವೇದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಿರಡೆಯನ್ನು ಮತ್ತೆ ಬಿಗಿಯಾಗಿ ಒತ್ತಿ, ಬಾಟಲಿ ಕೆಳಗಿಟ್ಟು, ಎದ್ದು ಕಿಟಕಿಯ ಹತ್ತಿರ ಹೋದ ಮೇಲೆ ಅವನು ಉಸಿರು ಬಿಟ್ಟ. ಆ ಸದ್ದು ನಮಗೆಲ್ಲ ಕೇಳಿಸಿತು.